ಬೆಳೆಗೆ ವಿಮೆ ಇದೆ, ಅಜ್ಜಿಯ ಚಳಿಗೆ ಏನಿದೆ?



ಉತ್ತರ ಕರ್ನಾಟಕ ಅಂದ ಕೂಡಲೇ ನಮ್ಮ ಸ್ಟುಡಿಯೋಗಳಿಗೆ ನೆನಪಾಗೋದು ಎರಡೇ ಸುದ್ದಿ. ಒಂದು ಬರ, ಇನ್ನೊಂದು ನೆರೆ. ಏಪ್ರಿಲ್‌ನಲ್ಲಿ ಬಿರುಕು ಬಿಟ್ಟ ಕೆರೆ ತೋರಿಸ್ತೀವಿ, ಆಗಸ್ಟ್‌ನಲ್ಲಿ ಉಕ್ಕಿದ ಮಲಪ್ರಭೆ ತೋರಿಸ್ತೀವಿ. ಡಿಸೆಂಬರ್, ಜನವರಿಯಲ್ಲಿ ಆ ಕಡೆ ಕ್ಯಾಮೆರಾ ತಿರುಗೋದೇ ಇಲ್ಲ. ಚಳಿ ಅಂದ್ರೆ ನಮಗೆ ಮಡಿಕೇರಿಯ ಮಂಜು, ಬೆಂಗಳೂರಿನ ಸ್ವೆಟರ್ ಅಂಗಡಿ. ರೋಣದಲ್ಲಿ ಚಳಿ ಅಂದ್ರೆ ಕೇಳಿದವರು ನಗ್ತಾರೆ. ಒಂದು ಕಾಲದಲ್ಲಿ ನಾನೂ ನಕ್ಕವನೇ.

ಒಂದು ಚಳಿಗಾಲ ಕಡಲೆ ಬೆಳೆಯ ಸುದ್ದಿಗೆ ಅಂತ ಆ ಕಡೆ ಹೋಗಿದ್ದೆ. ರೋಣದಿಂದ ನರಗುಂದದ ಕಡೆ ಹೋಗುವ ದಾರಿ, ಬೆಳಗಿನ ಆರೂವರೆ. ಕಣ್ಣು ಹಾಯಿಸಿದಷ್ಟು ದೂರ ಎರೆಭೂಮಿ. ಕಾರಿನಿಂದ ಇಳಿದರೆ ಗಾಳಿ ಕಿವಿ ಕತ್ತರಿಸೋ ಹಾಗಿತ್ತು. ಚಹಾ ಕುಡಿಯೋಕೆ ಒಂದು ಹಳ್ಳಿಯಲ್ಲಿ ನಿಂತೆವು. ಅಂಗಡಿ ಪಕ್ಕದ ಮನೆಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಕೌದಿ ಹೊದ್ದು ಕೂತಿದ್ದಳು. ವಯಸ್ಸು ಎಪ್ಪತ್ತು ದಾಟಿರಬೇಕು. ಬಿಸಿಲು ಇನ್ನೂ ಬಂದಿರಲಿಲ್ಲ, ಅದನ್ನೇ ಕಾಯ್ತಾ ಇದ್ದಳು.

"ಒಳಗ ಬೆಚ್ಚಗ ಇರಬಾರದೇನಬೇ?" ಅಂದೆ.

"ಒಳಗೇನ್ ಬೆಚ್ಚಗ ಐತಿ ತಮ್ಮಾ, ಪತ್ರಾಸ್ ಮನಿ. ಹೊರಗಿನಕಿಂತ ಒಳಗ ತಂಪು" ಅಂದಳು.

ಒಳಗೆ ಕರೆದಳು. ಒಂದೇ ಕೋಣೆ, ತಗಡಿನ ಚಾವಣಿ, ಮೂಲೆಯಲ್ಲಿ ಗ್ಯಾಸ್ ಒಲೆ. ಹಿತ್ತಲಲ್ಲಿ ನೀರು ಕಾಯಿಸೋ ಒಲೆ, ಮೇಲೊಂದು ಹಂಡೆ. ಹಂಡೆ ಖಾಲಿ, ಒಲೆಯಲ್ಲಿ ಹಳೇ ಬೂದಿ. ಕಿಟಕಿಯ ಮೇಲೆ ಒಂದು ಹೊಸ ಕಾಯಿಲ್ ಇತ್ತು, ಬಕೆಟ್‌ಗೆ ಹಾಕಿ ನೀರು ಕಾಯಿಸ್ತಾರಲ್ಲ, ಅದು. ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಗೋವಾಕ್ಕೆ ದುಡಿಯೋಕೆ ಹೋದ ಮೊಮ್ಮಗ ದೀಪಾವಳಿಗೆ ಬಂದಾಗ ತಂದುಕೊಟ್ಟನಂತೆ.

"ಇದನ್ನ ಯಾಕ ಹಚ್ಚಿಲ್ಲ?" ಅಂತ ಕೇಳಿದೆ.

"ಇದನ್ನ ಹಚ್ಚಿದ್ರ ಬಿಲ್ಲ ಬರ್ತೈತಂತ. ಈಗ ಸೊನ್ನಿ ಬರಾಕತ್ತೈತಿ. ಸೊನ್ನೀನ ಬರಲಿ ಬಿಡು. ಶಿವರಾತ್ರಿಗೆ ಚಳಿ ಹೊಕ್ಕೈತಿ."

ವೀಕ್ಷಕರೇ, ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಸರ್ಕಾರ ಇನ್ನೂರು ಯೂನಿಟ್ ಕರೆಂಟ್ ಪುಕ್ಕಟೆ ಅಂತ ಹೇಳಿದೆ. ಅಜ್ಜಿಯ ಮನೆಯಲ್ಲಿ ಕಾಯಿಲ್ ಇದೆ, ಕರೆಂಟ್ ಇದೆ, ಚಳಿಯೂ ಇದೆ. ಆದರೂ ಬಿಸಿನೀರು ಇಲ್ಲ. ಇದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಚಳಿಯ ವಿಚಾರ. ರೋಣ, ನರಗುಂದ, ಗಜೇಂದ್ರಗಡ ಮೂರೂ ಬಯಲುಸೀಮೆ. ಚಳಿಗಾಲದಲ್ಲಿ ಗಾಳಿಯಲ್ಲಿ ತೇವ ಇರಲ್ಲ, ಆಕಾಶದಲ್ಲಿ ಮೋಡ ಇರಲ್ಲ. ಹಗಲು ಕಾದ ನೆಲ ಸೂರ್ಯ ಮುಳುಗಿದ ಮೇಲೆ ಬೇಗ ಬೇಗ ಬಿಸಿ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಅಂಗಿ ಬೆವರಿಗೆ ಒದ್ದೆಯಾಗುವ ಊರಲ್ಲೇ ಬೆಳಗಿನ ಜಾವ ಹಲ್ಲು ಕಟಕಟ ಅನ್ನುತ್ತದೆ. ಒಂದೇ ದಿನದ ಈ ಏರಿಳಿತ ತಡೆಯೋದು ವಯಸ್ಸಾದ ದೇಹಕ್ಕೆ ಕಷ್ಟ.

ಇದನ್ನು ನಮ್ಮ ಹಿರಿಯರು ತಿಳಿದಿದ್ದರು. ಆ ಭಾಗದ ಹಳೇ ಮನೆಗಳನ್ನು ನೋಡಿ. ಮೊಣಕೈ ಉದ್ದದ ಮಣ್ಣಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆ ಮನೆಗಳು ಮಳೆಗೆ ಕುಸಿದವು, ನೆರೆಗೆ ಬಿದ್ದವು, ಅಣ್ಣತಮ್ಮಂದಿರು ಪಾಲಾದಾಗ ಒಡೆದವು. ಅವು ಇದ್ದ ಜಾಗದಲ್ಲಿ ಸಿಮೆಂಟ್ ಬ್ಲಾಕ್, ತಗಡು ಬಂತು. ತಗಡಿನ ಮನೆ ಮೇ ತಿಂಗಳಲ್ಲಿ ಹೆಂಚು, ಜನವರಿಯಲ್ಲಿ ಮಂಜುಗಡ್ಡೆ. ಮಗ ಚೆಂದದ ಮನೆ ಕಟ್ಟಿಸಿಕೊಂಡರೂ ಎಷ್ಟೋ ಕಡೆ ಅಜ್ಜ-ಅಜ್ಜಿಗೆ ಸಿಗೋದು ಹಿತ್ತಲ ಕಡೆಯ ತಗಡಿನ ಕೋಣೆಯೇ.

ಎರಡನೇದು ಉರುವಲು. ಮೊದಲು ಹತ್ತಿ ಬಿಡಿಸಿದ ಮೇಲೆ ಹತ್ತಿಕಟ್ಟಿಗೆ, ತೊಗರಿ ಬಡಿದ ಮೇಲೆ ತೊಗರಿಕಟ್ಟಿಗೆ ತಂದು ಮನೆ ಹಿಂದೆ ಒಟ್ಟುತ್ತಿದ್ದರು. ದನ ಇದ್ದವು, ಕುಳ್ಳು ತಟ್ಟುತ್ತಿದ್ದರು. ನೀರೊಲೆಗೆ ದುಡ್ಡು ಕೊಡುವ ಮಾತೇ ಇರಲಿಲ್ಲ. ಈಗ ಒಂಟಿ ಮುದುಕಿಗೆ ಹೊಲ ಇಲ್ಲ, ದನ ಇಲ್ಲ, ಜಾಲಿ ಕಡಿದು ಹೊರೆ ಹೊತ್ತು ತರೋ ಶಕ್ತಿ ಇಲ್ಲ. ಪುಕ್ಕಟೆ ಇದ್ದ ಬಿಸಿ, ದುಡ್ಡಿನ ಬಿಸಿ ಆಯ್ತು. ಇದು ಯಾರ ಲೆಕ್ಕದ ಪುಸ್ತಕದಲ್ಲೂ ಬರೆದಿಲ್ಲ.

"ಅಯ್ಯೋ ಸಾರ್, ಹತ್ತು-ಹನ್ನೆರಡು ಡಿಗ್ರಿ ಚಳಿಗೆ ಯಾರು ಸಾಯ್ತಾರೆ?" ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಉತ್ತರ ನಾವು ಅಂದುಕೊಂಡ ಹಾಗಿಲ್ಲ. 2018ರಲ್ಲಿ ಪ್ಲಾಸ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಭಾರತದ ಮೇಲೆಯೇ ಒಂದು ಅಧ್ಯಯನ ಬಂತು. 2001ರಿಂದ 2013ರವರೆಗಿನ ಸಾವುಗಳನ್ನು ಆಯಾ ದಿನದ ತಾಪಮಾನದ ಜೊತೆ ಇಟ್ಟು ನೋಡಿದರು. ವಿಪರೀತ ಬಿಸಿಲು, ವಿಪರೀತ ಚಳಿ ಎರಡಕ್ಕಿಂತ ಸಾಧಾರಣ ಚಳಿಯ ಲೆಕ್ಕಕ್ಕೇ ಹೆಚ್ಚು ಸಾವು ಬಂದವು. ಅದರಲ್ಲೂ ಪಾರ್ಶ್ವವಾಯು, ಹೃದಯದ ಕಾಯಿಲೆ, ಉಸಿರಾಟದ ತೊಂದರೆ. ಕಾರಣ ಕಷ್ಟದ್ದೇನಲ್ಲ. ಚಳಿಗೆ ರಕ್ತನಾಳ ಬಿಗಿಯಾಗುತ್ತದೆ, ಬಿಪಿ ಏರುತ್ತದೆ, ಹೃದಯಕ್ಕೆ ಹೊರೆ ಬೀಳುತ್ತದೆ. ವಿಪರೀತ ಚಳಿ ಎಲ್ಲೋ ನಾಲ್ಕು ದಿನ. ಸಾಧಾರಣ ಚಳಿ ಎರಡು-ಮೂರು ತಿಂಗಳು. ಬೆಳಗಿನ ಜಾವ ತಣ್ಣೀರು ಮೈಮೇಲೆ ಹಾಕಿಕೊಂಡ ಅಜ್ಜ ಬಚ್ಚಲಲ್ಲಿ ಬಿದ್ದರೆ ಊರಿನವರು "ಹಾರ್ಟ್ ಅಟ್ಯಾಕ್" ಅಂತಾರೆ. ಚಳಿ ಅಂತ ಯಾರೂ ಅನ್ನಲ್ಲ.

ಸರ್ಕಾರದ ಕಾಗದದಲ್ಲಿ ಚಳಿ ಇಲ್ಲವೇ ಇಲ್ಲ ಅಂತಲ್ಲ. ವಿಪತ್ತು ಪರಿಹಾರ ನಿಧಿಯ ಪಟ್ಟಿಗೆ 2012ರಲ್ಲೇ ಶೀತಗಾಳಿ ಸೇರಿದೆ. ಆದರೆ ಹವಾಮಾನ ಇಲಾಖೆಯ ಪ್ರಕಾರ ಬಯಲು ಪ್ರದೇಶದಲ್ಲಿ ಶೀತಗಾಳಿ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ ತಾಪಮಾನ ಮೊದಲು 10 ಡಿಗ್ರಿಗೆ ಇಳಿಯಬೇಕು. ಅದರ ಜೊತೆಗೆ ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಮ್ಮಿ ಇರಬೇಕು. ಅಂದರೆ 12 ಡಿಗ್ರಿಯ ಬೆಳಗು ತಿಂಗಳಿಡೀ ಇದ್ದರೂ ಅದು ಶೀತಗಾಳಿ ಅಲ್ಲ. ಅಜ್ಜಿ ನಡುಗಿದ್ದು ಲೆಕ್ಕಕ್ಕೆ ಬರಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ಆ ಭಾಗದಲ್ಲಿ ವೃದ್ಧಾಪ್ಯ ವೇತನಕ್ಕೆ ಜನ "ಪಗಾರ" ಅಂತಾರೆ. ಅದರಲ್ಲಿ ಎರಡು ದಾರಿ. ಒಂದು, ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ. ಇನ್ನೊಂದು, ನಮ್ಮ ರಾಜ್ಯ 2007ರಲ್ಲಿ ಶುರು ಮಾಡಿದ ಸಂಧ್ಯಾ ಸುರಕ್ಷಾ. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗೆ ಅದು. ಗಜೇಂದ್ರಗಡದ ಕುಣಿಮಗ್ಗದಲ್ಲಿ ಜೀವ ಸವೆಸಿದ ನೇಕಾರನೂ ಅದರಲ್ಲಿ ಬರ್ತಾನೆ. ಸಂಧ್ಯಾ ಸುರಕ್ಷಾ ಈಗ ತಿಂಗಳಿಗೆ 1,200 ರೂಪಾಯಿ. 2021ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು 1,000ದಿಂದ 1,200ಕ್ಕೆ ಏರಿಸಿದರು.

ಕೇಂದ್ರದ ಪಾಲು ಎಷ್ಟು ಗೊತ್ತಾ? ಎಂಬತ್ತರ ಒಳಗಿನವರಿಗೆ 200 ರೂಪಾಯಿ. ಹೌದು, ಇನ್ನೂರು. ಎಂಬತ್ತು ದಾಟಿದವರಿಗೆ 500. ಹದಿನೈದು ವರ್ಷಕ್ಕೂ ಮೇಲೆ ಆಯ್ತು, ಆ ಇನ್ನೂರು ಇನ್ನೂರಾಗಿಯೇ ಕೂತಿದೆ. ಉಳಿದದ್ದನ್ನು ರಾಜ್ಯ ಸೇರಿಸಿ ಕೊಡುತ್ತೆ. ಯಾರ ಕಾಲದಲ್ಲಿ ಎಷ್ಟು ಅಂತ ಪಕ್ಷಗಳು ಜಗಳ ಆಡಲಿ. ಎಲ್ಲ ಪಕ್ಷದವರೂ ದೆಹಲಿಯಲ್ಲಿ ಕೂತಿದ್ದರು, ಆ ಇನ್ನೂರನ್ನು ಯಾರೂ ಮುಟ್ಟಲಿಲ್ಲ.

ಇನ್ನೊಂದು ಗಮನಿಸಿ. ಈ ಪಗಾರ ಹನ್ನೆರಡು ತಿಂಗಳೂ ಒಂದೇ. ಖರ್ಚು ಒಂದೇ ಅಲ್ಲ. ಪುಷ್ಯ ಮಾಸದಲ್ಲಿ ಉರುವಲು ಬೇಕು, ಕಂಬಳಿ ಬೇಕು, ಕೆಮ್ಮಿಗೆ ಔಷಧ ಬೇಕು, ಸಂದು ನೋವಿಗೆ ಎಣ್ಣೆ ಬೇಕು. ಶ್ರಾವಣದ 1,200, ಪುಷ್ಯದ 1,200 ಎರಡೂ ಒಂದೇ ತೂಕದ್ದಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಅಜ್ಜಿ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಬರುತ್ತೆ. ರೇಷನ್ ಅಕ್ಕಿ ಬರುತ್ತೆ. ಅದು ದೊಡ್ಡ ಆಸರೆ, ಅಲ್ಲಗಳೆಯೋಕೆ ಆಗಲ್ಲ. ಆದರೆ ಹೆಂಡತಿ ತೀರಿಕೊಂಡು ಒಬ್ಬನೇ ಇರುವ ಅಜ್ಜನಿಗೆ ಗೃಹಲಕ್ಷ್ಮಿ ಇಲ್ಲ. ಅವನದು ಬರೀ ಪಗಾರ.

ಇನ್ನು ಕರೆಂಟ್. ಇಲ್ಲೇ ಇದೆ ಅಸಲಿ ಗಂಟು, ಸ್ವಲ್ಪ ತಾಳ್ಮೆಯಿಂದ ಕೇಳಿ. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಶುರುವಾಯ್ತು. ಇನ್ನೂರು ಯೂನಿಟ್ ಪುಕ್ಕಟೆ ಅಂತ ನಾವೆಲ್ಲ ಸುದ್ದಿ ಮಾಡಿದೆವು. ಆದರೆ ಇನ್ನೂರು ಅನ್ನೋದು ಮೇಲಿನ ಗೆರೆ ಮಾತ್ರ. ಎಲ್ಲರಿಗೂ ಇನ್ನೂರು ಸಿಗಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿತ್ತು, ಅದರ ಮೇಲೆ ಶೇಕಡಾ 10 ಸೇರಿಸಿ, ಅಷ್ಟು ಪುಕ್ಕಟೆ. ಆ ಮಿತಿ ಮೀರಿದರೆ ಮೀರಿದ ಯೂನಿಟ್‌ಗೆ ದುಡ್ಡು. ಇನ್ನೂರು ದಾಟಿದರೆ ಪೂರ್ತಿ ಬಿಲ್ ನಿಮ್ಮದು.

ಈಗ ಎರಡು ಮನೆ ಇಟ್ಟುಕೊಳ್ಳಿ. ಒಂದರಲ್ಲಿ ಗೀಸರ್, ಫ್ರಿಜ್, ಮಿಕ್ಸರ್, ಎರಡು ಟಿವಿ. ತಿಂಗಳಿಗೆ 150 ಯೂನಿಟ್ ಬಳಸ್ತಿದ್ದರು. ಅವರಿಗೆ 165 ಯೂನಿಟ್ ಪುಕ್ಕಟೆ. ಇನ್ನೊಂದು ನಮ್ಮ ಅಜ್ಜಿ ಮನೆ. ಎರಡು ಬಲ್ಬು, ಬೇಸಿಗೆಯಲ್ಲೊಂದು ಫ್ಯಾನ್. ತಿಂಗಳಿಗೆ 18 ಯೂನಿಟ್ ಅಂತಿಟ್ಟುಕೊಳ್ಳಿ. ಅವಳಿಗೆ ಹತ್ತಿರಹತ್ತಿರ 20. ಜಾಸ್ತಿ ಸುಟ್ಟವರಿಗೆ ಜಾಸ್ತಿ, ಕಮ್ಮಿ ಸುಟ್ಟವರಿಗೆ ಕಮ್ಮಿ. ಬಿಲ್ ಕಟ್ಟೋಕೆ ಆಗಲ್ಲ ಅಂತ ಆವತ್ತು ಕತ್ತಲಲ್ಲಿ ಕೂತವರಿಗೆ ಇವತ್ತೂ ಕತ್ತಲೆಯೇ ಲೆಕ್ಕ.

ಇದು ಸರ್ಕಾರಕ್ಕೂ ಕಾಣಿಸಿತು. 2024ರ ಜನವರಿಯಲ್ಲಿ ಸಂಪುಟ ಒಂದು ತಿದ್ದುಪಡಿ ಮಾಡಿತು. ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಬಳಸುವವರಿಗೆ ಶೇಕಡಾ 10ರ ಬದಲು 10 ಯೂನಿಟ್ ಹೆಚ್ಚುವರಿ ಅಂತ. ಒಳ್ಳೇ ಕೆಲಸ, ಮೆಚ್ಚಲೇಬೇಕು. ಅಜ್ಜಿಯ ಮಿತಿ 20ರಿಂದ 28ಕ್ಕೆ ಬಂತು. ಆದರೆ ತಮಾಷೆ ಕೇಳಿ. ಹಳೇ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗೆ ಯೋಜನೆ ಶುರುವಿನಲ್ಲೇ ಇಟ್ಟ ಲೆಕ್ಕ 58 ಯೂನಿಟ್. ರಾಜ್ಯದ ಸರಾಸರಿ 53, ಅದಕ್ಕೆ ಶೇಕಡಾ 10. ದಾಖಲೆ ಇಲ್ಲದವರಿಗೆ 58, ಬಡತನದ ದಾಖಲೆ ಇದ್ದವಳಿಗೆ 28!

ಈಗ ಕಾಯಿಲ್ ಲೆಕ್ಕ. ಇಪ್ಪತ್ತು ಲೀಟರ್ ಬಕೆಟ್ ನೀರನ್ನು ಇಪ್ಪತ್ತೈದು ಡಿಗ್ರಿ ಬಿಸಿ ಮಾಡೋಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬೇಕು. ದಿನಾ ಒಂದು ಬಕೆಟ್ ಅಂದರೆ ತಿಂಗಳಿಗೆ ಸುಮಾರು 17 ಯೂನಿಟ್. ಚಳಿಗಾಲದಲ್ಲಿ ಫ್ಯಾನ್ ನಿಂತಿರುತ್ತೆ, ಆದ್ದರಿಂದ ಒಬ್ಬಳ ಒಂದು ಬಕೆಟ್ ಅಂತೂ ಇಂತೂ ಆ 28ರ ಆಸುಪಾಸಿನಲ್ಲಿ ಹಿಡಿಯಬಹುದು. ಗಂಡ-ಹೆಂಡತಿ ಇಬ್ಬರಿದ್ದರೆ ಮೀರುತ್ತೆ. ರೂಮ್ ಹೀಟರ್ ಮಾತು ಎತ್ತಲೇಬೇಡಿ. 1,000 ವಾಟಿನ ಹೀಟರ್ ರಾತ್ರಿ ಎರಡು ತಾಸು ಉರಿದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60.

ಅಂದರೆ ಅಜ್ಜಿಯ ಭಯ ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಮೀರಿದರೂ ಬರೋದು ಮೀರಿದಷ್ಟರ ಬಿಲ್ ಮಾತ್ರ, ಯೂನಿಟ್‌ಗೆ ಆರು ರೂಪಾಯಿ ಆಸುಪಾಸು. ಇಪ್ಪತ್ತು ಯೂನಿಟ್ ಮೀರಿದರೆ 120 ರೂಪಾಯಿ. ನಮಗೆ ಅದು ಎರಡು ಕಾಫಿ, ಎರಡು ದೋಸೆ. ಅವಳಿಗೆ ಪಗಾರದ ಹತ್ತರಲ್ಲೊಂದು ಪಾಲು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸೊನ್ನೆ ತಪ್ಪಿಹೋಗುತ್ತೆ, ಒಮ್ಮೆ ತಪ್ಪಿದರೆ ಮತ್ತೆ ಬರಲ್ಲ ಅನ್ನೋ ಅಂಜಿಕೆ. ಬಿಲ್ಲಿನ ಮೇಲೆ ಅರ್ಹ ಯೂನಿಟ್ ಎಷ್ಟು ಅಂತ ಅವಳಿಗೆ ಓದಿ ಹೇಳಿದವರು ಒಬ್ಬರೂ ಇರಲಿಲ್ಲ.

ಗ್ಯಾಸ್ ಮೇಲೆ ನೀರು ಕಾಯಿಸಬಹುದಲ್ಲ ಅಂತೀರಾ? ಉಜ್ವಲಾ ಸಂಪರ್ಕ ಇದ್ದವರಿಗೆ ಕೇಂದ್ರ ಒಂದು ಸಿಲಿಂಡರ್‌ಗೆ 300 ರೂಪಾಯಿ ಸಬ್ಸಿಡಿ ಕೊಡುತ್ತೆ. 2025-26ಕ್ಕೆ ವರ್ಷಕ್ಕೆ 9 ಸಿಲಿಂಡರ್‌ವರೆಗೆ. ಆದರೆ ಸಬ್ಸಿಡಿ ಸಿಗಬೇಕಾದರೆ ಮೊದಲು ಸಿಲಿಂಡರ್ ತುಂಬಿಸಬೇಕು, ಪೂರ್ತಿ ದುಡ್ಡು ಕೊಡಬೇಕು. ಒಂದು ಸಿಲಿಂಡರನ್ನು ನಾಲ್ಕೈದು ತಿಂಗಳು ಎಳೆಯುವ ಒಂಟಿ ಮುದುಕಿಗೆ ವರ್ಷಕ್ಕೆ ಎರಡೋ ಮೂರೋ ಸಲ ಸಬ್ಸಿಡಿ. ಇಲ್ಲೂ ಅದೇ ಕಥೆ. ಸುಟ್ಟವರಿಗೆ ಸಹಾಯ, ಸುಡೋಕೆ ಅಂಜಿದವರಿಗೆ ಇಲ್ಲ.

ಇಂಥದ್ದಕ್ಕೆ ಬೇರೆ ದೇಶಗಳಲ್ಲಿ ಏನು ಮಾಡ್ತಾರೆ? ಬ್ರಿಟನ್ ನೋಡೋಣ. ಅಲ್ಲಿನ ಚಳಿಗೂ ನಮ್ಮದಕ್ಕೂ ಅಜಗಜಾಂತರ, ಒಪ್ಪಿದೆ. ಅದರೂ ಅವರ ತಪ್ಪು-ಒಪ್ಪು ಎರಡರಿಂದಲೂ ಕಲಿಯೋದಿದೆ. 1997ರಲ್ಲಿ ಅಲ್ಲಿನ ಹಣಕಾಸು ಮಂತ್ರಿ ಗಾರ್ಡನ್ ಬ್ರೌನ್ ಪಿಂಚಣಿದಾರರಿಗೆ ಚಳಿಗಾಲದ ಇಂಧನ ಸಹಾಯಧನ ಶುರು ಮಾಡಿದರು. ಮುಂದೆ ಅದು ಮನೆಗೆ 200 ಪೌಂಡ್, ಎಂಬತ್ತು ದಾಟಿದವರಿಗೆ 300 ಪೌಂಡ್ ಆಯ್ತು. ಶ್ರೀಮಂತ-ಬಡವ ಅಂತ ನೋಡದೆ ಎಲ್ಲ ವೃದ್ಧರಿಗೂ ಕೊಡುತ್ತಿದ್ದರು.

2024ರ ಜುಲೈನಲ್ಲಿ ಹೊಸ ಹಣಕಾಸು ಮಂತ್ರಿ ರೇಚಲ್ ರೀವ್ಸ್, ಖಜಾನೆ ಖಾಲಿ ಇದೆ, ಇನ್ನು ಮೇಲೆ ಪೆನ್ಶನ್ ಕ್ರೆಡಿಟ್ ಎಂಬ ಬಡವರ ಭತ್ಯೆ ಪಡೆಯುವವರಿಗೆ ಮಾತ್ರ ಅಂದರು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಒಂದೇ ಏಟಿಗೆ ಒಂದು ಕೋಟಿಯಷ್ಟು ಜನ ಹೊರಗೆ ಬಿದ್ದರು. ಆ ಬಡವರ ಭತ್ಯೆಗೆ ಅರ್ಹರಿದ್ದೂ ಅರ್ಜಿ ಹಾಕದೇ ಉಳಿದಿದ್ದ ಲಕ್ಷಾಂತರ ಮಂದಿ ಮುದುಕರೂ ಅದರಲ್ಲಿದ್ದರು. ಗೊತ್ತಿಲ್ಲದೆ ಇದ್ದವರು, ನಾಚಿಕೆಪಟ್ಟವರು, ಫಾರ್ಮ್ ತುಂಬೋಕೆ ಆಗದವರು. ದೇಶವೆಲ್ಲ ಗದ್ದಲ ಆಯ್ತು. ಕೊನೆಗೆ 2025ರ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯ ಇರುವ ವೃದ್ಧರಿಗೆಲ್ಲ ಮತ್ತೆ ಕೊಡ್ತೀವಿ ಅಂದಿತು. ಪಾಠ ಏನು? ಬಡವರಿಗೆ ಮಾತ್ರ ಅಂತ ಗೆರೆ ಎಳೆದು, ಆ ಗೆರೆ ದಾಟೋಕೆ ಅರ್ಜಿ ಕೇಳಿದರೆ, ಮೊದಲು ಹೊರಗುಳಿಯೋದು ಬಡವರೇ.

ಅಲ್ಲಿ ಇನ್ನೊಂದು ಯೋಜನೆ ಇದೆ, ಅದು ನನಗೆ ಇನ್ನೂ ಇಷ್ಟ. ಚಳಿ ಹವಾಮಾನ ಭತ್ಯೆ. ನವೆಂಬರ್ 1ರಿಂದ ಮಾರ್ಚ್ 31ರ ಒಳಗೆ ಒಂದು ಪ್ರದೇಶದ ಸರಾಸರಿ ತಾಪಮಾನ ಸತತ ಏಳು ದಿನ ಸೊನ್ನೆ ಡಿಗ್ರಿಗೆ ಅಥವಾ ಕೆಳಗೆ ಬಂತು ಅಂದರೆ, ಅಲ್ಲಿನ ಬಡ ಪಿಂಚಣಿದಾರರ ಖಾತೆಗೆ 25 ಪೌಂಡ್ ತಾನಾಗಿಯೇ ಬೀಳುತ್ತೆ. ಅರ್ಜಿ ಇಲ್ಲ, ಕಚೇರಿ ಇಲ್ಲ, ಸಾಹೇಬರ ಸಹಿ ಇಲ್ಲ. ಥರ್ಮಾಮೀಟರೇ ಅರ್ಜಿ ಹಾಕುತ್ತೆ!

"ಅದೆಲ್ಲ ಲಂಡನ್ನಿನಲ್ಲಿ ಸಾರ್, ನಮ್ಮಲ್ಲಿ ಎಲ್ಲಾಗುತ್ತೆ" ಅಂತ ದಯವಿಟ್ಟು ಅನ್ನಬೇಡಿ. ಆ ಥರ್ಮಾಮೀಟರ್ ನಮ್ಮಲ್ಲಿ ಈಗಾಗಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಂತ ಒಂದು ಸಂಸ್ಥೆ ಇದೆ. 1988ರಲ್ಲಿ ಬರ ನೋಡಿಕೊಳ್ಳೋಕೆ ಅಂತ ಸಣ್ಣದಾಗಿ ಹುಟ್ಟಿದ್ದು. ಇವತ್ತು ಅದರ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ತಾಪಮಾನ, ಗಾಳಿ, ತೇವಾಂಶ ಅಳೆಯುವ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ದೇಶದಲ್ಲೇ ಹೆಸರು ಮಾಡಿದ ವ್ಯವಸ್ಥೆ ಅದು. ಆ ಅಂಕಿಅಂಶ ಇಟ್ಟುಕೊಂಡೇ ತೋಟಗಾರಿಕೆ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಕೊಡ್ತಾರೆ. ಮಳೆ ಇಷ್ಟು ಕಮ್ಮಿ, ಉಷ್ಣಾಂಶ ಇಷ್ಟು ಹೆಚ್ಚು-ಕಮ್ಮಿ ಅಂತ ಯಂತ್ರ ಹೇಳಿದರೆ ಸಾಕು, ರೈತನ ಖಾತೆಗೆ ಪರಿಹಾರ. ಹೊಲಕ್ಕೆ ಬಂದು ಯಾರೂ ನೋಡಬೇಕಿಲ್ಲ.

ಯೋಚನೆ ಮಾಡಿ. ಗಿಡಕ್ಕೆ ಚಳಿ-ಬಿಸಿಲು ತಾಗಿದ್ದು ಸರ್ಕಾರಕ್ಕೆ ಹೋಬಳಿ ಮಟ್ಟದಲ್ಲಿ ಗೊತ್ತಾಗುತ್ತೆ. ಅದೇ ಹೋಬಳಿಯ ಅಜ್ಜಿಯ ಹೆಸರು, ವಯಸ್ಸು, ಆಧಾರ್, ಬ್ಯಾಂಕ್ ಖಾತೆ ಎಲ್ಲವೂ ಪಗಾರದ ಪಟ್ಟಿಯಲ್ಲಿದೆ. ಅವಳ ಮೀಟರ್ ಆಧಾರ್ ಜೊತೆ ಗೃಹಜ್ಯೋತಿಯಲ್ಲಿ ಜೋಡಣೆಯಾಗಿದೆ. ಥರ್ಮಾಮೀಟರ್ ಇದೆ, ಪಟ್ಟಿ ಇದೆ, ಮೀಟರ್ ಇದೆ. ಮೂರನ್ನೂ ಒಂದು ದಾರಕ್ಕೆ ಪೋಣಿಸೋ ಮನಸ್ಸು ಮಾತ್ರ ಇಲ್ಲ.

ನಾನು ಕೇಳೋದು ಚಂದ್ರನನ್ನಲ್ಲ, ಎರಡೇ ಎರಡು ವಿಷಯ.

ಮೊದಲನೇದು, ವೃದ್ಧಾಪ್ಯ ವೇತನ ಪಡೆಯುವವರ ಮನೆಗೆ ಡಿಸೆಂಬರ್, ಜನವರಿ, ಫೆಬ್ರುವರಿ ಮೂರು ತಿಂಗಳು ಗೃಹಜ್ಯೋತಿ ಮಿತಿ ಇಪ್ಪತ್ತು ಯೂನಿಟ್ ಜಾಸ್ತಿ ಮಾಡಿ. ತಾನಾಗಿಯೇ, ಅರ್ಜಿ ಇಲ್ಲದೆ. ಖರ್ಚು ಎಷ್ಟಾಗುತ್ತೆ? ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ಒಂದು ಮನೆಗೆ ತಿಂಗಳಿಗೆ 120, ಮೂರು ತಿಂಗಳಿಗೆ 360 ರೂಪಾಯಿ. ಒಂದು ಲಕ್ಷ ಮನೆಗಳಿಗೆ 3 ಕೋಟಿ 60 ಲಕ್ಷ. ನಮ್ಮ ರಾಜ್ಯದ ಬಜೆಟ್ ಲಕ್ಷಗಟ್ಟಲೆ ಕೋಟಿಯದು, ನೆನಪಿರಲಿ.

ಎರಡನೇದು, ಮನೆಯಲ್ಲಿ ಕಾಯಿಲ್ ಇಲ್ಲದವರಿಗೆ, ಕರೆಂಟಿಗೆ ಅಂಜುವವರಿಗೆ, ಪುಷ್ಯ ಮಾಸದಲ್ಲಿ ಪಗಾರದ ಜೊತೆ ಒಂದಿಷ್ಟು ಚಳಿ ಭತ್ಯೆ. ಹೋಬಳಿಯ ಯಂತ್ರ ಇಷ್ಟು ದಿನ ಇಷ್ಟು ಡಿಗ್ರಿ ಅಂತ ತೋರಿಸಿದರೆ ದುಡ್ಡು ಹೋಗಲಿ. ಹೊಳೆಆಲೂರಿನಲ್ಲಿ ಚಳಿ ಬಿದ್ದರೆ ಹೊಳೆಆಲೂರಿಗೆ, ಕೊಣ್ಣೂರಿನಲ್ಲಿ ಬಿದ್ದರೆ ಕೊಣ್ಣೂರಿಗೆ, ನರೇಗಲ್ಲಿನಲ್ಲಿ ಬಿದ್ದರೆ ನರೇಗಲ್ಲಿಗೆ. ಎಷ್ಟು ಡಿಗ್ರಿ, ಎಷ್ಟು ದುಡ್ಡು ಅನ್ನೋದನ್ನು ತಿಳಿದವರು ಕೂತು ಮಾತಾಡಲಿ. ಮಾತು ಶುರುವಾದರೂ ಆಗಲಿ.

"ಗ್ಯಾರಂಟಿಗಳಿಗೇ ದುಡ್ಡಿಲ್ಲ, ಇದೊಂದು ಬೇರೆ ಕೇಡು" ಅಂತ ಒಬ್ಬ ಅಧಿಕಾರಿ ನನಗೆ ಅಂದರು. ಅವರ ಕಷ್ಟ ಸುಳ್ಳಲ್ಲ. ಆದರೆ 165 ಯೂನಿಟ್ ಪುಕ್ಕಟೆ ಕೊಡೋಕೆ ದುಡ್ಡಿದ್ದು, 28ನ್ನು 48 ಮಾಡೋಕೆ ದುಡ್ಡಿಲ್ಲ ಅಂದರೆ ಅದು ಖಜಾನೆಯ ಕೊರತೆ ಅಲ್ಲ. ಅದು ಲೆಕ್ಕದಲ್ಲಿ ಅಜ್ಜಿ ಕಾಣಿಸದೇ ಇರೋ ಕೊರತೆ.

ನರಗುಂದದ ಹೆಸರು ಹೇಳಿದರೆ ಈ ರಾಜ್ಯದ ಯಾವ ಸರ್ಕಾರಕ್ಕೂ ಒಂದು ನೆನಪು ಬರಬೇಕು. 1980ರ ಜುಲೈ 21. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗೋಲಿಬಾರ್ ಆಯ್ತು, ಜೀವ ಹೋಯ್ತು. ಅಲ್ಲಿಂದ ರಾಜ್ಯದ ರಾಜಕಾರಣದ ದಿಕ್ಕೇ ಬದಲಾಯ್ತು. ಆವತ್ತಿನ ಜಗಳದ ಬೇರು ಕೂಡ ಒಂದು ಲೆಕ್ಕವೇ. ನೀರು ಸರಿಯಾಗಿ ತಲುಪದ ಹೊಲಕ್ಕೂ ಕಾಗದದ ಮೇಲೆ ಕರ ಬಿದ್ದಿತ್ತು. ಆವತ್ತು ಬೀದಿಗಿಳಿದ ಇಪ್ಪತ್ತೈದು, ಮೂವತ್ತರ ಹುಡುಗರಿಗೆ ಈಗ ಎಪ್ಪತ್ತರ ಆಸುಪಾಸು. ಈಗ ಅವರೇ ಕಟ್ಟೆ ಮೇಲೆ ಕಂಬಳಿ ಹೊದ್ದು ಬಿಸಿಲು ಕಾಯ್ತಾ ಇದ್ದಾರೆ. ಚಳಿ ಅಂತ ಯಾರೂ ರಸ್ತೆ ತಡೆ ಮಾಡಲ್ಲ. ಮುದುಕರು ಬೀದಿಗಿಳಿಯಲ್ಲ ಅನ್ನೋದು ಸರ್ಕಾರಗಳಿಗೂ ಗೊತ್ತು.

ಸರ್ಕಾರ ಮಾಡೋದು ಮಾಡಲಿ, ಅಲ್ಲಿವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಈ ವಾರ ಊರಿಗೆ ಹೋದರೆ ನಾಲ್ಕು ಕೆಲಸ ಮಾಡಿ. ನಿಮ್ಮ ಮನೆಯ, ಪಕ್ಕದ ಮನೆಯ ಹಿರಿಯರ ಕರೆಂಟ್ ಬಿಲ್ ತೆಗೆದು ನೋಡಿ, ಗೃಹಜ್ಯೋತಿಯ ಅರ್ಹ ಯೂನಿಟ್ ಎಷ್ಟು, ಬಳಸ್ತಿರೋದು ಎಷ್ಟು ಅಂತ ಓದಿ ಹೇಳಿ. ಮಿತಿಯೊಳಗೆ ಜಾಗ ಇದ್ದರೆ ಕಾಯಿಲ್ ಹಾಕೋಕೆ ಧೈರ್ಯ ಕೊಡಿ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಬೇಕು ಅಂತ ಎದುರು ನಿಂತು ತೋರಿಸಿ. ಬಿಲ್ಲಿನಲ್ಲಿ ಗೊಂದಲ ಇದ್ದರೆ ಹೆಸ್ಕಾಂ ಸಹಾಯವಾಣಿ 1912.

65 ದಾಟಿದ ಬಡವರಿಗೆ ಇನ್ನೂ ಪಗಾರ ಆಗಿಲ್ಲ ಅಂದರೆ ಕಂದಾಯ ಇಲಾಖೆಯ 155245ಕ್ಕೆ ಫೋನ್ ಮಾಡಿ, ಇಲ್ಲವೇ ನಾಡಕಚೇರಿಗೆ ಕೈಹಿಡಿದು ಕರೆದುಕೊಂಡು ಹೋಗಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗೋಕೆ ಬಿಡಬೇಡಿ. ಹೊಗೆ ಕಾಣದಿದ್ದರೂ ವಿಷಗಾಳಿ ತುಂಬುತ್ತೆ, ಮಲಗಿದವರು ಏಳಲ್ಲ. ಬಿಪಿ ಮಾತ್ರೆ ಚಳಿಗಾಲದಲ್ಲಿ ತಪ್ಪದ ಹಾಗೆ ನೋಡಿಕೊಳ್ಳಿ. ತಗಡಿನ ಕೋಣೆಯಲ್ಲಿ ಮಲಗುವ ತಂದೆತಾಯಿಯನ್ನು ಈ ಎರಡು ತಿಂಗಳು ಒಳಮನೆಯಲ್ಲಿ ಮಲಗಿಸಿ. ಇದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.

ಆವತ್ತು ಬೆಳಗ್ಗೆ ಅಜ್ಜಿಯ ಬಿಲ್ ತರಿಸಿ ಓದಿದೆವು. ಅವಳ ಮಿತಿಯೊಳಗೆ ಇನ್ನೂ ಹದಿನಾಲ್ಕು ಯೂನಿಟ್ ಜಾಗ ಇತ್ತು. ನಮ್ಮ ಕ್ಯಾಮೆರಾಮನ್ ಕಾಯಿಲ್‌ನ ಕವರ್ ತೆಗೆದು ಬಕೆಟ್‌ಗೆ ಹಾಕಿದ. ಇಪ್ಪತ್ತು ನಿಮಿಷ ಆದ ಮೇಲೆ ಪ್ಲಗ್ ಕಿತ್ತ. ಅಜ್ಜಿ ಬೆರಳು ಅದ್ದಿ ನೋಡಿದಳು.

"ವಾರಕ್ಕ ಮೂರು ದಿನ ಹಚ್ತೀನಿ ತಮ್ಮಾ. ದಿನಾ ಬ್ಯಾಡ" ಅಂದಳು.

ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತೆ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ರಾತ್ರಿಯೆಲ್ಲ ತಿರುಗಿ ಕರೆಂಟ್ ಮಾಡ್ತವೆ. ಅದರ ತಪ್ಪಲಿನ ತಾಲ್ಲೂಕುಗಳಲ್ಲಿ ಒಬ್ಬ ಮುದುಕಿ ವಾರಕ್ಕೆ ಮೂರು ದಿನ ಬಿಸಿನೀರು ಅಂತ ತನಗೆ ತಾನೇ ರೇಷನ್ ಹಾಕಿಕೊಳ್ತಾಳೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ, ನಿಜ. ಅಜ್ಜಿ ಶಿವರಾತ್ರಿಯವರೆಗೆ ಬೆಚ್ಚಗಿರೋ ಹಾಗೆ ನೋಡಿಕೊಳ್ಳೋದಷ್ಟೇ ನಮ್ಮ ಕೆಲಸ.